ಲಿಸ್ಬನ್ನಿನಲ್ಲಿ ಕೊನೆಯ ದಿನ



ಪ್ರವಾಸದ ಕೊನೆಯ ದಿನ ನೀವು ಏನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಸೂಟ್‌ಕೇಸಿನ ತೂಕ ನೋಡುತ್ತಾರೆ, ಆಫೀಸಿನವರಿಗೆ, ಪಕ್ಕದ ಮನೆಯವರಿಗೆ ಏನಾದರೂ ಕೊಳ್ಳುತ್ತಾರೆ, ಆಮೇಲೆ ವಿಮಾನ ನಿಲ್ದಾಣದಲ್ಲಿ ಹೋಗಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ. ನೋಡಿದ ಚರ್ಚು, ಅರಮನೆಗಳೆಲ್ಲ ತಲೆಯಲ್ಲಿ ಕಲಸಿಹೋಗಿರುತ್ತವೆ.

ಸ್ಪೇನ್, ಪೋರ್ಚುಗಲ್ ಸುತ್ತಿ ಬಂದ ನನ್ನ ಪ್ರವಾಸ ಮುಗಿದದ್ದು ಲಿಸ್ಬನ್ನಿನಲ್ಲಿ. ವಿಮಾನ ಇದ್ದದ್ದು ರಾತ್ರಿ. ಕೈಯಲ್ಲಿ ಒಂದು ಇಡೀ ಹಗಲು ಇತ್ತು. ನಿಮಗೂ ಅಂಥದೊಂದು ಹಗಲು ಸಿಕ್ಕರೆ ಹೇಗೆ ಕಳೆಯಬಹುದು ಎಂದು ಇವತ್ತು ಹೇಳುತ್ತೇನೆ.

ಬೆಳಿಗ್ಗೆ ಸಾಮಾನನ್ನು ಹೋಟೆಲಿನಲ್ಲೇ ಬಿಟ್ಟು 28ನೇ ನಂಬರಿನ ಹಳದಿ ಟ್ರಾಮ್ ಹತ್ತಿ. ಬೇಗ ಹೋದರೆ ಕೂರಲು ಜಾಗ ಸಿಗುತ್ತದೆ, ತಡವಾದರೆ ನಮ್ಮ ಲೋಕಲ್ ಗಾಡಿಯೇ ಸರಿ. ಜೇಬುಗಳ್ಳರ ವಿಷಯದಲ್ಲೂ ಲೋಕಲ್ಲಿನ ಎಚ್ಚರವೇ ಇರಲಿ. ಟ್ರಾಮ್ ಏದುಸಿರು ಬಿಡುತ್ತಾ ಅಲ್ಫಾಮಾ ಎಂಬ ಹಳೆಯ ಬಡಾವಣೆಯ ಓಣಿಗಳನ್ನು ಹತ್ತುತ್ತದೆ. 1755ರ ನವೆಂಬರ್ 1ರಂದು ಈ ಊರಿಗೆ ದೊಡ್ಡ ಭೂಕಂಪ ಬಡಿಯಿತು. ಹಿಂದೆಯೇ ಸಮುದ್ರ ಉಕ್ಕಿ ಬಂತು, ಬೆಂಕಿ ಹೊತ್ತಿತು. ಆಗ ಬಹುಪಾಲು ಉಳಿದದ್ದು ಅಲ್ಫಾಮಾ. ಕೆಳಗಿನ ಬಯಲಿನಲ್ಲಿ ಕಾಣುವ ನೆಟ್ಟನೆಯ ಬೀದಿಗಳೆಲ್ಲ ಆಮೇಲೆ ಕಟ್ಟಿದವು. ಕಾರ್ಮೊ ಎಂಬ ಚರ್ಚಿಗೆ ಮಾತ್ರ ಮತ್ತೆ ಚಾವಣಿ ಹೊದಿಸಲಿಲ್ಲ. ಇಂದಿಗೂ ಅದರ ಕಮಾನುಗಳ ಮೇಲೆ ಬರೀ ಆಕಾಶ.

ಇಷ್ಟು ನೋಡಿ ನದಿಯ ದಂಡೆಗೆ ಇಳಿದು 15ನೇ ನಂಬರಿನ ಟ್ರಾಮಿನಲ್ಲಿ ಬೆಲೆಂಗೆ ಹೋಗಿ. ಸೋಮವಾರ ಬೇಡ, ಅಂದು ಅಲ್ಲಿನ ಮಠಕ್ಕೆ ರಜ. ಉಳಿದ ಹೊತ್ತನ್ನೆಲ್ಲ ಬೆಲೆಂಗೇ ಕೊಡಿ.

1497ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. ಅಲ್ಲಿರುವ ಜೆರೋನಿಮೋಸ್ ಮಠದ ಕೆಲಸ ಶುರುವಾದದ್ದು 1501ರಲ್ಲಿ. ಕಂಬಗಳಲ್ಲಿ ಹಗ್ಗ, ಬಳ್ಳಿ, ಕಡಲ ಜೀವಿಗಳನ್ನು ಕೆತ್ತಿದ್ದಾರೆ. ಕಲ್ಲನ್ನು ಹೀಗೆ ಲೇಸಿನಂತೆ ಕೊರೆದದ್ದನ್ನು ಕಂಡಾಗ ಬೇಲೂರು ಕಂಡವರಿಗೂ ನಿಂತು ನೋಡಬೇಕೆನಿಸುತ್ತದೆ. ಇದಕ್ಕೆ ದುಡ್ಡು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ. ಆ ವ್ಯಾಪಾರದ ಜೀವಾಳ ಕಾಳುಮೆಣಸು. ಹೆಚ್ಚಿನ ಮೆಣಸು ಮಲಬಾರಿನದು, ಆದರೆ ನಮ್ಮ ಘಟ್ಟದ ಮೆಣಸೂ ಈ ಕಡೆಗೆ ಹಡಗೇರಿದೆ. ಶರಾವತಿ ದಂಡೆಯ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮಠದ ಗೋಡೆಗೆ ಅಂಗೈ ಒತ್ತಿ ನಿಂತಾಗ ಇದು ಪರದೇಶದ ಕಟ್ಟಡ ಎಂದು ನನಗೆ ಅನಿಸಲಿಲ್ಲ.

ಮಠದ ಚರ್ಚಿನ ಬಾಗಿಲ ಬಳಿಯೇ ಗಾಮನ ಸಮಾಧಿ. ಅವನು 1524ರಲ್ಲಿ ಸತ್ತದ್ದು ಕೊಚ್ಚಿಯಲ್ಲಿ. ಕಲ್ಲಿನ ಗಾಮ ಕೈಮುಗಿದು ಮಲಗಿದ್ದಾನೆ. ಸುತ್ತ ನಿಂತವರೆಲ್ಲ ಫೋಟೋ ತೆಗೆಯುತ್ತಿರುತ್ತಾರೆ. ಶಾಲೆಯಲ್ಲಿ ನಾವೂ ‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನು’ ಎಂದು ಬಾಯಿಪಾಠ ಮಾಡಿದವರೇ ತಾನೇ? 1502ರಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗೊಂದನ್ನು ಹೆಂಗಸರು, ಮಕ್ಕಳ ಸಮೇತ ಸುಡಿಸಿದವನೂ ಇವನೇ. ಆ ಮಾತು ಸಮಾಧಿಯ ಮೇಲೆ ಇರುವುದಿಲ್ಲ. ನೋಡಲು ಹೋದ ನಾವು ಅದನ್ನು ತಿಳಿದುಕೊಂಡು ಹೋಗಬೇಕು. ಕೆತ್ತನೆಯ ಅಂದವನ್ನೂ ನೋಡೋಣ, ಸುಟ್ಟ ಹಡಗನ್ನೂ ನೆನೆಯೋಣ.

ರಸ್ತೆ ದಾಟಿದರೆ ನದಿಯಂಚಿನಲ್ಲಿ 1960ರಲ್ಲಿ ಕಟ್ಟಿದ ಶೋಧಕರ ಸ್ಮಾರಕ. ಹಡಗಿನ ಮೂತಿಯಂತಿರುವ ಕಲ್ಲಿನ ಮೇಲೆ 33 ಜನ ಸಾಲಾಗಿ ನಿಂತಿದ್ದಾರೆ: ರಾಜಕುಮಾರ, ನಾವಿಕರು, ಪಾದ್ರಿಗಳು, ಕವಿ. ನಾನು ಎರಡೂ ಬದಿ ಸುತ್ತಿ ನೋಡಿದೆ. ಆಫ್ರಿಕಾದ ಮಲಿಂದಿಯಲ್ಲಿ ಹಡಗೇರಿ ಕಲ್ಲಿಕೋಟೆಗೆ ದಾರಿ ತೋರಿಸಿದ ನಾವಿಕ ಅಲ್ಲಿಲ್ಲ. ಮೆಣಸು ಬೆಳೆದವರೂ ಇಲ್ಲ.

ಹಾಗೆಂದು ಸಿಟ್ಟು ಮಾಡಿಕೊಂಡು ಬರಬೇಕಿಲ್ಲ. ಹಸಿವಾಗಿರುತ್ತದೆ, ಯಾವುದಾದರೂ ಬೇಕರಿಗೆ ಹೋಗಿ. ಅಲ್ಲಿ ಬ್ರೆಡ್ಡಿಗೆ ‘ಪಾಂವ್’ ಎನ್ನುತ್ತಾರೆ, ನಮ್ಮ ಪಾವ್! ಆಲೂಗೆಡ್ಡೆಗೆ ‘ಬಟಾಟ’. ಬೀಗದ ಕೈಗೆ ‘ಶಾವ್’, ಹುಬ್ಬಳ್ಳಿಯವರ ಚಾವಿ. ಕಿಟಕಿಗೆ ‘ಜನೆಲ’, ಚೆನ್ನೈಯ ಜನ್ನಲ್. ದುಡ್ಡು ಕೊಡುವುದಕ್ಕೆ ‘ಪಗಾರ್’. ತಿಂಗಳ ಮೊದಲ ತಾರೀಕು ಮುಂಬಯಿಯಲ್ಲಿ ಈ ಪದ ಕಾಯದವರು ಯಾರು? ಬೆಲೆಂನಲ್ಲಿ 1837ರಿಂದ ಮಾಡುತ್ತಿರುವ ಪುಟ್ಟ ಕಸ್ಟರ್ಡ್ ತಿಂಡಿ ಬಹಳ ಹೆಸರುವಾಸಿ. ಅದರಲ್ಲಿ ಮೊಟ್ಟೆ ಇರುತ್ತದೆ, ಸಸ್ಯಾಹಾರಿಗಳು ಗಮನಿಸಿ.

ನಮ್ಮ ವಡಾಪಾವನ್ನೇ ತೆಗೆದುಕೊಳ್ಳಿ. ಬಟಾಟೆ, ಪಾವ್, ಮೆಣಸಿನಕಾಯಿ, ಮೂರೂ ಇವರ ಹಡಗಿನಲ್ಲಿ ಬಂದವು. ಮುಂಬಯಿ ದ್ವೀಪವನ್ನೇ 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ಲಿನ ರಾಜಮನೆತನ ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟಿತ್ತು. ಇನ್ನು ಕನ್ನಡದ ಮಾತು. ಅಮೆರಿಕದ ಮೂಲದ ಆ ಖಾರದ ಕಾಯಿ ಬರುವ ಮೊದಲು ನಮಗೆ ಮೆಣಸು ಎಂದರೆ ಒಂದೇ ಮೆಣಸು. ಹೊಸ ಕಾಯಿಗೆ ಮೆಣಸಿನಕಾಯಿ ಎಂದು ಅದರ ಹೆಸರನ್ನೇ ಇಟ್ಟೆವು. ಹಳೆಯದನ್ನು ಬೇರೆ ಮಾಡಿ ಹೇಳಲು ಕಾಳುಮೆಣಸು ಎಂದೆವು. ಕರಾವಳಿಯವರು ಇಂದಿಗೂ ಅದನ್ನು ‘ಒಳ್ಳೆಮೆಣಸು’ ಎನ್ನುತ್ತಾರೆ. ಐನೂರು ವರ್ಷ ಕಳೆದರೂ ಒಳ್ಳೆಯದು ಯಾವುದು ಎಂಬ ತೀರ್ಪನ್ನು ಅವರು ಬದಲಿಸಿಲ್ಲ!

ಸಂಜೆ ಹೋಟೆಲಿನಿಂದ ಸಾಮಾನು ತೆಗೆದುಕೊಂಡು ಮೆಟ್ರೋದ ಕೆಂಪು ಮಾರ್ಗ ಹಿಡಿದರೆ ನೇರ ವಿಮಾನ ನಿಲ್ದಾಣ. ಆತುರವಿಲ್ಲ, ನಿಲ್ದಾಣ ಊರಿಗೆ ಹತ್ತಿರವೇ ಇದೆ.

ನಿಮ್ಮ ಪ್ರವಾಸದ ಕೊನೆಯ ದಿನ ಎಲ್ಲಿ ಕಳೆಯಿತು, ಅಲ್ಲಿ ನಮ್ಮ ಊರಿನದು ಏನು ಕಂಡಿತು ಎಂದು ನಮಗೆ ಬರೆದು ತಿಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ನಿಮ್ಮ ಪತ್ರಗಳನ್ನು ಓದುವ ಆಸೆ ನನ್ನದು.