‘ಸೊಕ್ಕು’ ಎಂಬ ಮಾತು

‘ಸೊಕ್ಕು’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಹೊಳೆಯುವುದು ಗರ್ವ, ಉದ್ಧಟತನ. ಸೊಕ್ಕು ಅಡಗಿಸುವುದು, ಸೊಕ್ಕು ಮುರಿಯುವುದು ಎಂದೇ ನಮಗೆ ರೂಢಿ. ಆದರೆ ಈ ಶಬ್ದದ ಮೂಲಾರ್ಥ ಗರ್ವವಲ್ಲ, ಮೈಮರೆವು.

ಹಳಗನ್ನಡದಲ್ಲಿ ಇದು ‘ಸೊರ್ಕು’. ‘ಕರ್ಚು’ ಎಂಬುದು ‘ಕಚ್ಚು’ ಆದಂತೆ, ನಡುವಣ ರೇಫೆ ಲೋಪಿಸಿ ‘ಸೊಕ್ಕು’ ಆಯಿತು. ಮದವೇರಿದ ಆನೆ ‘ಸೊರ್ಕಾನೆ’. ಹಳೆಯ ಕವಿಗಳು ವೀರನನ್ನು ಅದಕ್ಕೆ ಹೋಲಿಸಿದರೆ ಅದು ಹೊಗಳಿಕೆಯೇ. ಮಲೆನಾಡಿನಲ್ಲಿ ಅಡಿಕೆ ತಿಂದು ತಲೆ ತಿರುಗಿ ಬೆವರಿದವರು ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ. ಅಲ್ಲಿ ಅಹಂಕಾರದ ಸೋಂಕೂ ಇಲ್ಲ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವನು. ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಬೆರೆತು ಬಾಳುತ್ತವೆ. ತೆಲುಗಿನ ‘ಸೊಕ್ಕು’ ಎಂದರೆ ಮತ್ತೇರುವುದು, ಮೂರ್ಛೆಹೋಗುವುದು, ಆನಂದಪರವಶವಾಗುವುದು. ತಮಿಳಿನ ‘ಚೊಕ್ಕು’ ಎಂದರೆ ಸೊಬಗಿಗೆ ಮರುಳಾಗುವುದು. ಅಲ್ಲಿ ‘ಚೊಕ್ಕುಪ್ಪೊಡಿ’ ಎಂದರೆ ವಶೀಕರಣದ ಪುಡಿ. ಸೋದರಭಾಷೆಗಳು ಪರವಶತೆಯನ್ನು ಉಳಿಸಿಕೊಂಡವು. ನಾವು ಹೆಚ್ಚಾಗಿ ಬೈಗುಳವನ್ನು ಉಳಿಸಿಕೊಂಡೆವು.

ಮತ್ತು, ಹರ್ಷ, ಗರ್ವ ಇವು ಒಂದೇ ಶಬ್ದದಲ್ಲಿ ಕೂಡುವುದು ಹೊಸತಲ್ಲ. ಸಂಸ್ಕೃತದ ‘ಮದ’ ಈ ಮೂರನ್ನೂ ಹೇಳುತ್ತದೆ. ಯೋಚಿಸಬೇಕಾದದ್ದು, ಈ ಬೈಗುಳ ಯಾರ ಮೇಲೆ ಬೀಳುತ್ತದೆ ಎಂಬುದನ್ನು. ಹಿಪ್ಪುನೇರಳೆ ತೋಟದ ಆಳು ಕೂಲಿ ಹೆಚ್ಚಿಸಿರೆಂದು ಕೇಳಿದರೆ ‘ಸೊಕ್ಕು ನೋಡು’ ಎನ್ನುವುದನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಹೊಸ ಸೀರೆಯುಟ್ಟು ನಗುತ್ತ ನಡೆದ ಸೊಸೆಗೂ ಅದೇ ಮಾತು. ಧಣಿಯ ದರ್ಪಕ್ಕೆ ಆತನ ಎದುರಿನಲ್ಲಿ ಈ ಶಬ್ದವನ್ನು ಬಳಸಿದವರನ್ನು ನಾನು ಕಾಣೆ.

ದೊಡ್ಡವರಿಗೆ ಬೇರೊಂದು ಶಬ್ದವಿದೆ: ‘ಅಮಲು’. ಅರಬ್ಬಿ ಮೂಲದ ಈ ಮಾತಿಗೆ ಕೆಲಸ, ಆಚರಣೆ ಎಂಬುದು ಮೊದಲ ಅರ್ಥ. ಫಾರಸಿ, ಉರ್ದುಗಳ ದಾರಿಯಲ್ಲಿ ಬಂದು ಅದು ನಮ್ಮಲ್ಲಿ ಆಡಳಿತವೂ ಆಯಿತು, ಮತ್ತೂ ಆಯಿತು. ಕಾಯಿದೆ ‘ಅಮಲಿಗೆ’ ಬರುತ್ತದೆ. ಹೆಂಡದ ‘ಅಮಲು’ ತಲೆಗೇರುತ್ತದೆ. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿಯೇ ‘ಅಮಲ್ದಾರ’. ‘ಅಧಿಕಾರದ ಅಮಲು’ ಎಂದು ನಾವು ಈಗಲೂ ಆಡುತ್ತೇವೆ. ಅದರಲ್ಲಿ ಟೀಕೆಯಿದ್ದರೂ ಕ್ಷಮೆಯ ಎಳೆಯೊಂದು ಸೇರಿರುತ್ತದೆ: ಪಾಪ, ಕುರ್ಚಿಯ ಗುಣ, ಇಳಿದ ಮೇಲೆ ಸರಿಹೋದಾನು ಎಂಬಂತೆ. ಸೊಕ್ಕಿಗೆ ಆ ರಿಯಾಯಿತಿ ಇಲ್ಲ. ಅಮಲು ತಾನೇ ಇಳಿಯುತ್ತದೆ. ಸೊಕ್ಕನ್ನು ಇನ್ನೊಬ್ಬರು ಇಳಿಸಬೇಕು.

ನಿಘಂಟು ಶಬ್ದದ ಅರ್ಥವನ್ನು ಹೇಳೀತು. ಅದನ್ನು ಯಾರು ಯಾರಿಗೆ ಅನ್ನುತ್ತಾರೆಂಬುದನ್ನು ನಾವೇ ಕಿವಿಗೊಟ್ಟು ತಿಳಿಯಬೇಕು. ದುಡಿಯುವವನೊಬ್ಬ ತಲೆಯೆತ್ತಿ ನಿಂತಾಗ ಆತನ ಮುಖದಲ್ಲಿ ಮೂಡುವುದು ಬಹುಮಟ್ಟಿಗೆ ಗರ್ವವಲ್ಲ, ಸಂತೋಷ. ಆ ಸಂತೋಷಕ್ಕೂ ನಮ್ಮ ಹಿರಿಯರು ಇಟ್ಟ ಹೆಸರು ‘ಸೊರ್ಕು’ ಎಂಬುದನ್ನು ನೆನೆದರೆ, ಮುಂದಿನ ಸಲ ಈ ಮಾತು ನಾಲಗೆಗೆ ಬಂದಾಗ ನಾವು ಒಂದು ಗಳಿಗೆ ತಡೆದೇವು.