ಬ್ಯಾಂಡ್‌ನವರ ಉಸಿರು

(ಮಾರಿಕುಪ್ಪಂನಲ್ಲಿ ಬ್ಯಾಂಡ್ ವಾದ್ಯಗಾರರು ಮತ್ತು ಅವರ ಮನೆಯವರ ಎದುರು ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕಹಳೆ ಊದಲು ಬಾರದವನು ಊದುವವರ ಮುಂದೆ ನಿಂತು ಉಸಿರಿನ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೇ ಸರಿ. ಆದರೂ ಕೋವಿಡ್ ಕಾಲದಲ್ಲಿ ಹಲವು ದೇಶಗಳ ವಿಜ್ಞಾನಿಗಳು ವಾದ್ಯಗಾರರ ಉಸಿರನ್ನು ಅಳೆದು ನೋಡಿದರು. ಅವರು ಕಂಡುಕೊಂಡದ್ದು ಮದುವೆ ಮೆರವಣಿಗೆಗಳಲ್ಲಿ ನುಡಿಸುವವರನ್ನು ಸರಿಯಾಗಿ ಮುಟ್ಟಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ ಮೇಲಂತೂ ಎಲ್ಲರೂ ಅದನ್ನು ಕಟ್ಟಿಟ್ಟು ಮರೆತರು. ಇನ್ನೊಂದು ಸಾಂಕ್ರಾಮಿಕ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ಈ ಮಾತು.

ಮೊದಲು ಒಂದು ಘಟನೆ ಹೇಳುತ್ತೇನೆ. ಇದು ಬ್ಯಾಂಡಿನದಲ್ಲ, ಹಾಡುಗಾರರದು. 2020ರ ಮಾರ್ಚ್ 10ರ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 61 ಮಂದಿ ವೃಂದಗಾನದ ಅಭ್ಯಾಸಕ್ಕೆ ಸೇರಿದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು. ಎರಡೂವರೆ ಗಂಟೆ ಅಕ್ಕಪಕ್ಕ ಕುಳಿತು ಹಾಡಿದರು. ಆಮೇಲೆ 53 ಮಂದಿಗೆ ಕಾಯಿಲೆ ಬಂತು. ಇಬ್ಬರು ಸತ್ತರು. ಒಬ್ಬರಿಂದ ಇಷ್ಟು ಜನಕ್ಕೆ ಹೇಗೆ ಹರಡಿತು? ಕೆಮ್ಮಿದಾಗ ಸಿಡಿಯುವ ದಪ್ಪ ಹನಿ ಒಂದೆರಡು ಗಜದೊಳಗೆ ನೆಲಕ್ಕೆ ಬೀಳುತ್ತದೆ. ಉಸಿರಿನ ಜೊತೆ ಹೊರಡುವ, ಕಣ್ಣಿಗೆ ಕಾಣದ ಸಣ್ಣ ಹನಿಗಳು ಬೀಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅವು ಊದುಬತ್ತಿಯ ಹೊಗೆಯ ಹಾಗೆ ತೇಲುತ್ತಾ ಗಟ್ಟಿಯಾಗುತ್ತಾ ಹೋಗುತ್ತವೆ. ಅಲ್ಲಿ ಒಬ್ಬರಿಂದೊಬ್ಬರು ಆರಡಿ ದೂರ ಕುಳಿತರೂ ಎರಡು ಗಂಟೆಯ ಮೇಲೆ ಎಲ್ಲರೂ ಎಲ್ಲರ ಉಸಿರನ್ನೇ ಕುಡಿಯುತ್ತಿರುತ್ತಾರೆ.

ಈ ಮಾತನ್ನು ಬೇರೆ ಊರಿನಲ್ಲಿ ಬಿಡಿಸಿ ಹೇಳಬೇಕು. ಇಲ್ಲಿ ಬೇಕಿಲ್ಲ. ಕೆಜಿಎಫ್ ಬದುಕಿದ್ದೇ ಗಾಳಿಯ ಲೆಕ್ಕದ ಮೇಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿಯವರು ಭೂಮಿಯೊಳಕ್ಕೆ ಸುಮಾರು 3.2 ಕಿಲೋಮೀಟರ್‌ವರೆಗೆ ಇಳಿದರು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ತಳ್ಳದೆ ಒಬ್ಬ ಮನುಷ್ಯನೂ ಅಲ್ಲಿ ನಿಲ್ಲುವಂತಿರಲಿಲ್ಲ. ಸಿಡಿಮದ್ದು ಹಾರಿಸಿದ ಮೇಲೆ ಹೊಗೆ ಹೊರಹೋಗುವ ತನಕ ಯಾರೂ ಆ ಜಾಗಕ್ಕೆ ಹೋಗಬಾರದೆಂಬುದು ಗಣಿಯ ನಿಯಮ. ಬ್ಯಾಂಡಿನ ಅಭ್ಯಾಸಕ್ಕೆ ಅಮೆರಿಕದ ಕೊಲರಾಡೋ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಅದೇ: 30 ನಿಮಿಷ ನುಡಿಸಿ, ಎಲ್ಲರೂ ಹೊರಗೆ ಬನ್ನಿ, ಒಳಗಿನ ಗಾಳಿ ಬದಲಾದ ಮೇಲೆ ಮತ್ತೆ ಹೋಗಿ. ನಿಮ್ಮ ಅಜ್ಜಂದಿರಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ.

ಉಸಿರಿನ ವಿಷಯಕ್ಕೆ ಈ ಊರಿನಲ್ಲಿ ಇನ್ನೊಂದು ತೂಕವಿದೆ. 1940ರಿಂದ 46ರವರೆಗೆ ಇಲ್ಲಿಯ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಮಂದಿಗೆ, ಅಂದರೆ ನೂರಕ್ಕೆ ಸುಮಾರು 44 ಜನಕ್ಕೆ, ಸಿಲಿಕೋಸಿಸ್ ಇತ್ತು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಡುಸು ಮಾಡುವ ಈ ಕಾಯಿಲೆ ವಾಸಿಯಾಗುವುದಿಲ್ಲ. ಅದು ಬಂದವರಿಗೆ ಕ್ಷಯವೂ ಬೇಗ ಅಂಟುತ್ತದೆ. ಗಣಿಯೊಳಗೆ ದುಡಿದವರು ಇಂದಿಗೂ ಈ ಕಾಲೋನಿಗಳಲ್ಲಿದ್ದಾರೆ. ಮೊಮ್ಮಗಳ ಮದುವೆಗೆ ಕುರ್ಚಿ ಹಾಕಿಸಿಕೊಂಡು ಬ್ಯಾಂಡಿನ ಪಕ್ಕದಲ್ಲೇ ಕೂರುವವರು ಅವರೇ. ಅಂಥ ಶ್ವಾಸಕೋಶಕ್ಕೆ ಬಂದ ಸೋಂಕು ನಿಮ್ಮ ನೆಗಡಿಯಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಈಗ ವಾದ್ಯಗಳಿಗೆ ಬರೋಣ. ಟ್ರಂಪೆಟ್‌ನ ಬಾಯಿಂದ ಗಾಳಿ ಬಿರುಸಾಗಿ ನುಗ್ಗುತ್ತದೆಂದು ಕೇಳುವವರಿಗೆ ಅನ್ನಿಸುತ್ತದೆ. ನುಗ್ಗುವುದು ಶಬ್ದ, ಗಾಳಿಯಲ್ಲ. ಊದುತ್ತಿರುವ ಟ್ರಂಪೆಟ್‌ನ ಮುಂದೆ ಮೊಂಬತ್ತಿ ಹಿಡಿದು ನೋಡಿ, ಆರುವುದಿಲ್ಲ. ಮಿನೆಸೋಟಾ ಆರ್ಕೆಸ್ಟ್ರಾದ ವಾದಕರನ್ನು ಪರೀಕ್ಷಿಸಿದವರಿಗೆ ಟ್ರಂಪೆಟ್, ಬಾಸ್ ಟ್ರಾಂಬೋನ್, ಓಬೋಗಳಿಂದ ಹೆಚ್ಚು ಹನಿಗಳು ಸಿಕ್ಕವು. ಹಾವಿನಂತೆ ಸುತ್ತಿಕೊಂಡ ದೊಡ್ಡ ಟ್ಯೂಬಾದಿಂದ ಸಿಕ್ಕಿದ್ದು ಸುಮ್ಮನೆ ಉಸಿರಾಡುವುದಕ್ಕಿಂತಲೂ ಕಡಿಮೆ. ಉದ್ದ ಕೊಳವೆಯ ಗೋಡೆಗೇ ಹನಿಗಳು ಅಂಟಿಬಿಡುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್‌ನವರ ಅಳತೆಯಲ್ಲಿ ಊದುವಾದ್ಯದಿಂದ ಬರುವ ಹನಿಗಳು ಸಾಮಾನ್ಯ ಉಸಿರಾಟದಷ್ಟೇ, ಗಟ್ಟಿಯಾಗಿ ಮಾತನಾಡಿದರೆ, ಹಾಡಿದರೆ ಅದಕ್ಕಿಂತ ಹೆಚ್ಚು. ಎರಡೂ ಪೂರ್ತಿ ತಾಳೆಯಾಗುವುದಿಲ್ಲ, ನಿಜ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಇದು: ನುಡಿಸುವಾಗ ಎಚ್ಚರವಾಗಿದ್ದು, ಹಾಡು ಮುಗಿದ ಕೂಡಲೇ ಗುಂಪಾಗಿ ನಿಂತು ಟೀ ಕುಡಿಯುತ್ತಾ ಕೂಗಾಡಿ ನಗುವುದಾದರೆ ಪಟ್ಟ ಪಾಡೆಲ್ಲ ವ್ಯರ್ಥ.

ವಾದ್ಯದ ಬಾಯಿಗೆ ಬಟ್ಟೆ ಕಟ್ಟುವ ಉಪಾಯವನ್ನೂ ಅವರು ಹೇಳಿದರು. ಒಂದೇ ಪದರದ ತೆಳು ಬಟ್ಟೆ ಸಾಲದು, ಒತ್ತಾದ ನೇಯ್ಗೆಯ ಎರಡು ಮೂರು ಪದರ ಬೇಕು. ಟ್ರಂಪೆಟ್, ಟ್ರಾಂಬೋನ್, ಯೂಫೋನಿಯಂಗಳಲ್ಲಿ ಗಾಳಿಗೆ ಹೊರದಾರಿ ಒಂದೇ ಆದ್ದರಿಂದ ಇದು ಕೆಲಸ ಮಾಡುತ್ತದೆ. ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳಲ್ಲಿ ಬೆರಳಿನ ರಂಧ್ರಗಳಿಂದಲೂ ಗಾಳಿ ಹೋಗುವುದರಿಂದ ಅರ್ಧ ಫಲವಷ್ಟೇ. ಸಾಮಾನ್ಯವಾಗಿ ಆರಡಿ ಅಂತರ. ಟ್ರಾಂಬೋನ್‌ನವರ ಮುಂದೆ ಒಂಬತ್ತಡಿ. ಡ್ರಮ್, ತಾಳದವರ ಬಾಯಿಗೆ ಕೆಲಸವಿಲ್ಲ, ಅವರು ಮಾಸ್ಕ್ ತೆಗೆಯಲು ಕಾರಣವೇ ಇಲ್ಲ. ಇನ್ನು ಹಿತ್ತಾಳೆ ವಾದ್ಯದೊಳಗೆ ಕಟ್ಟುವ ನೀರು. ಅದರಲ್ಲಿ ಬಹುಪಾಲು ಉಸಿರಿನ ಆವಿ ತಣಿದು ಆದದ್ದು, ಎಂಜಲು ಸ್ವಲ್ಪ. ಹಾಗಂತ ನೆಲಕ್ಕೆ ಊದಿಬಿಡುವ ಅಭ್ಯಾಸ ಬೇಡ, ಎಸೆಯಬಹುದಾದ ಬಟ್ಟೆಗೆ ಬಿಡಿ. ಕಲಿಯುವ ಹುಡುಗರು ವಾದ್ಯ ಹಂಚಿಕೊಂಡರೂ ಮೌತ್‌ಪೀಸ್ ಹಂಚಿಕೊಳ್ಳಬಾರದು.

ಬಯಲಿನಲ್ಲಿ ನುಡಿಸಿದರೆ ಅರ್ಧ ಅಪಾಯ ಅಲ್ಲೇ ಕಳೆಯಿತು. ಆದರೆ ಬಯಲೊಂದೇ ಸಾಲದು. ಇನ್‌ಫ್ಲುಯೆಂಜಾ ಹಬ್ಬಿದ್ದ 1918ರ ಸೆಪ್ಟೆಂಬರ್ 28ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯುದ್ಧನಿಧಿಗಾಗಿ ಬ್ಯಾಂಡುಗಳ ಸಮೇತ ಮೆರವಣಿಗೆ ಹೊರಟಿತು. ಬೀದಿಯ ಎರಡೂ ಕಡೆ ಸುಮಾರು ಎರಡು ಲಕ್ಷ ಜನ ಒತ್ತಿಕೊಂಡು ನಿಂತರು. ಕೆಲವೇ ದಿನಗಳಲ್ಲಿ ಊರಿನ ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ. ಬ್ಯಾಂಡ್ ಇದ್ದಲ್ಲಿ ಜನ ಸೇರುತ್ತಾರೆ. ಅದು ನಿಮ್ಮ ವಿದ್ಯೆಯ ಹೆಚ್ಚುಗಾರಿಕೆ, ಅಂಥ ಹೊತ್ತಿನಲ್ಲಿ ಅದೇ ತೊಡಕು.

ನಮ್ಮ ರಾಜ್ಯದಲ್ಲಿ 2020ರ ದಸರಾ ನೆನಪಿಸಿಕೊಳ್ಳಿ. ಅಕ್ಟೋಬರ್ 26ರ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗಲೇ ಇಲ್ಲ. ಅಭಿಮನ್ಯು ಮೊದಲ ಬಾರಿ ಚಿನ್ನದ ಅಂಬಾರಿ ಹೊತ್ತದ್ದು ಅರಮನೆಯ ಆವರಣದೊಳಗೆ, ಕೆಲವೇ ನೂರು ಜನರ ಮುಂದೆ. ಅದೇ ವರ್ಷ ಸ್ವಾತಂತ್ರ್ಯ ದಿನಾಚರಣೆಗೆ ಕೇಂದ್ರ ಗೃಹ ಇಲಾಖೆ ಪೊಲೀಸ್ ಮತ್ತು ಸೇನಾ ಬ್ಯಾಂಡುಗಳ ವಾದನವನ್ನು ಮೊದಲೇ ಚಿತ್ರೀಕರಿಸಿ ದೊಡ್ಡ ಪರದೆಗಳಲ್ಲಿ ತೋರಿಸಬಹುದೆಂದು ಸೂಚಿಸಿತು. ಸರ್ಕಾರಿ ಬ್ಯಾಂಡಿಗೆ ಇದೆಲ್ಲ ಸಾಧ್ಯ, ತಿಂಗಳ ಸಂಬಳ ನಿಲ್ಲುವುದಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಹುಡುಗ ಮುಂದೆ ಕದ್ರಿ ಗೋಪಾಲನಾಥ್ ಆದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ವಾದ್ಯವನ್ನು ಮದುವೆಯ ಮುಂದೆ ನುಡಿಸುವವನನ್ನು ಕಲಾವಿದ ಎನ್ನಲು ಮಾತ್ರ ನಮಗೆ ನಾಲಿಗೆ ಹೊರಳುವುದಿಲ್ಲ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಮದುವೆ ಕಾಲದ ಎರಡು ವರ್ಷದ ದುಡಿಮೆ ಹೋದವನಿಗೆ ಅದು ಸಿಕ್ಕರೂ ಎಷ್ಟು ದಿನಕ್ಕೆ? ಇತ್ತ 2020ರ ಮಾರ್ಚ್ ಕೊನೆಯಲ್ಲಿ ಪ್ಯಾಸೆಂಜರ್ ರೈಲುಗಳೂ ನಿಂತವು. ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿನಲ್ಲಿ ಕೂಲಿ ಮಾಡಿ ಬರುವ ದಾರಿಯೂ ಮುಚ್ಚಿತು.

ಹೀಗಾಗಿ ಬಟ್ಟೆ, ಅಂತರ, ಕಿಟಕಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆಯೇ ಇದೆ. ಸ್ಕ್ಯಾಜಿಟ್‌ನಲ್ಲಿ ನೆಗಡಿಯಾದ ಒಬ್ಬರು ಮನೆಯಲ್ಲಿ ಉಳಿದಿದ್ದರೆ ಆ ಸಂಜೆ ಹಾಗಾಗುತ್ತಿರಲಿಲ್ಲ. ಅವರು ಹವ್ಯಾಸಕ್ಕೆ ಹಾಡುವವರು, ಉಳಿಯಬಹುದಿತ್ತು. ದಿನದ ಪಾಲಿಗೆ ನುಡಿಸುವವನು ಜ್ವರ ಬಂದರೂ ಮಾತ್ರೆ ನುಂಗಿ ಬರುತ್ತಾನೆ. ಬರದಿದ್ದರೆ ಪಾಲಿಲ್ಲ, ಮುಂದಿನ ಸಲ ಜಾಗವೂ ಇಲ್ಲ ಎಂಬ ಭಯ. ಅವನಿಗೆ ಉಪದೇಶ ಹೇಳಿ ಪ್ರಯೋಜನವಿಲ್ಲ. ಒಂದೊಂದು ಮದುವೆಯ ಹಣದಲ್ಲೂ ಸ್ವಲ್ಪ ಎತ್ತಿಟ್ಟು, ಕಾಯಿಲೆ ಬಿದ್ದವನಿಗೆ ಅರ್ಧ ಪಾಲನ್ನಾದರೂ ಮನೆಗೆ ಕಳಿಸುವ ಏರ್ಪಾಡನ್ನು ಸೆಟ್ಟಿನ ಯಜಮಾನರು ಈಗಲೇ, ಕಾಯಿಲೆ ಇಲ್ಲದಾಗಲೇ, ಮಾಡಿಡಬೇಕು. ಬೀದಿಯಲ್ಲಿ ರೋಗವಿದ್ದಾಗ ಅಡ್ವಾನ್ಸ್ ಹಿಡಿಯುವ ಹೊತ್ತಿಗೇ ಮದುವೆ ಮನೆಯವರಿಗೆ ಎರಡು ಮಾತು ಹೇಳಬಹುದು: ನಾವು ಛತ್ರದ ಒಳಗೆ ನುಡಿಸುವುದಿಲ್ಲ, ಬಾಗಿಲ ಹೊರಗೆ ನಿಲ್ಲುತ್ತೇವೆ, ವಯಸ್ಸಾದವರ ಕುರ್ಚಿ ನಮ್ಮಿಂದ ದೂರ, ಗಾಳಿ ಬೀಸಿ ಬರುವ ಕಡೆಗೆ ಹಾಕಿಸಿ. ಬ್ಯಾಂಡಿನ ಸದ್ದು ಅಲ್ಲಿಗೂ ಕೇಳುತ್ತದೆ.