ಲಸಿಕೆಯೂ ಪರೀಕ್ಷೆ ಬರೆಯಬೇಕು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಅಂತ ಒಂದು ಕಾಡಿದೆ. 1957ರಲ್ಲಿ ಅಲ್ಲಿ ಮಂಗಗಳು ಒಂದರ ಹಿಂದೊಂದು ಸಾಯತೊಡಗಿದವು. ಕಪ್ಪು ಮುಸುಡಿಯ ಮುಸಿಯಗಳೂ ಸತ್ತವು, ಕೆಂಪು ಮುಸುಡಿಯ ಮಂಗಗಳೂ ಸತ್ತವು. ಅದೇ ಹೊತ್ತಿಗೆ ಸೌದೆಗೆ, ಸೊಪ್ಪಿಗೆ ಅಂತ ಕಾಡಿಗೆ ಹೋಗಿಬಂದ ಜನಕ್ಕೂ ವಿಪರೀತ ಜ್ವರ ಬಂತು. ತಲೆ ಸಿಡಿಯುವಷ್ಟು ನೋವು, ಮೈಕೈಯೆಲ್ಲ ನೋವು. ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ ಸೋರಿತು. ಕೆಲವರು ಉಳಿಯಲಿಲ್ಲ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಮಂಗಗಳು ಸಾಯುತ್ತಿವೆ ಎಂದು ಕೇಳಿದಾಗ ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕದಲ್ಲಿ ಇರುವ ಆ ರೋಗ ಇಲ್ಲಿಗೂ ಬಂದುಬಿಟ್ಟಿತೇ ಎಂದು ಹೆದರಿದರು. ನೋಡಿದರೆ ಅದಲ್ಲ. ಅದುವರೆಗೆ ಯಾರೂ ಕಾಣದ ಹೊಸ ವೈರಸ್ಸು! ಅದನ್ನು ಹೊತ್ತು ತಿರುಗುವುದು ಸೊಳ್ಳೆಯಲ್ಲ, ಕಾಡಿನ ಉಣುಗು. ವೈರಸ್ಸಿಗೆ ಆ ಕಾಡಿನ ಹೆಸರೇ ಸಿಕ್ಕಿತು. ಊರವರು ಮಾತ್ರ ಮಂಗನ ಕಾಯಿಲೆ ಎಂದೇ ಕರೆಯುತ್ತಾರೆ. ಮಂಗಗಳಿಗೆ ಇದರಲ್ಲಿ ಯಾವ ತಪ್ಪೂ ಇಲ್ಲ, ಪಾಪ. ಅವೂ ನಮ್ಮ ಹಾಗೆ ಉಣುಗಿನಿಂದ ಕಚ್ಚಿಸಿಕೊಂಡವೇ.

ಈಗ ಈ ಕಾಯಿಲೆಗೆ ಹೊಸ ಲಸಿಕೆಯೊಂದು ತಯಾರಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಇದನ್ನು ಮಾಡಿವೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳನ್ನು ದಾಟಿ ಅದು ಮನುಷ್ಯರ ಸರದಿಗೆ ಬಂದಿದೆ. ನಿಮ್ಮಲ್ಲಿ ಯಾರಾದರೂ ಕೈ ಎತ್ತಿ ಕೇಳಬಹುದು: ‘ಲಸಿಕೆ ತಯಾರಿದ್ದರೆ ಇನ್ನೂ ಯಾಕೆ ಕಾಯುವುದು? ಮಲೆನಾಡಿನವರಿಗೆಲ್ಲ ಇವತ್ತೇ ಹಾಕಿಬಿಡಬಾರದೇ?’

ಕೇಳಬೇಕಾದ ಪ್ರಶ್ನೆಯೇ. ಉತ್ತರ ಇದೇ ಕಾಯಿಲೆಯ ಹಳೆಯ ಕತೆಯಲ್ಲಿದೆ.

ಕ್ಯಾಸನೂರಿನ ವೈರಸ್ಸಿಗೆ ರಷ್ಯಾದ ಕಾಡುಗಳಲ್ಲಿ ಒಬ್ಬ ಹತ್ತಿರದ ನೆಂಟನಿದ್ದಾನೆ. ಅವನೂ ಉಣುಗಿನಿಂದಲೇ ಹರಡುವವನು, ಮಿದುಳು ಜ್ವರ ತರುವವನು. ಅವನ ವಿರುದ್ಧ ಆಗಲೇ ಒಂದು ಲಸಿಕೆ ಇತ್ತು. ನೆಂಟರಿಬ್ಬರೂ ಅಷ್ಟು ಹೋಲುವಾಗ ಒಬ್ಬನಿಗೆ ಮಾಡಿದ ಲಸಿಕೆ ಇನ್ನೊಬ್ಬನನ್ನೂ ತಡೆಯಬೇಕಲ್ಲ? ತರ್ಕ ಸರಿಯಾಗಿಯೇ ಕಾಣುತ್ತದೆ. ನಾನು ಅಲ್ಲಿದ್ದಿದ್ದರೆ ನಾನೂ ಹಾಗೇ ಯೋಚಿಸುತ್ತಿದ್ದೆ. ಆ ಲಸಿಕೆಯನ್ನು ನಮ್ಮ ಹಳ್ಳಿಗಳ ಜನರಿಗೆ ಹಾಕಿ, ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಎಂದು ಎಣಿಸಿದರು. ಅದು ಕಾಪಾಡಲಿಲ್ಲ. ಎಣಿಸದೆ ನಂಬಿಕೊಂಡಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದೇವಲ್ಲ ಎಂಬ ಧೈರ್ಯದಲ್ಲಿ ಜನ ಉಣುಗಿನ ಕಾಡಿಗೆ ನುಗ್ಗುತ್ತಿದ್ದರು.

ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು, ನಮ್ಮದೇ ಲಸಿಕೆ ಮಾಡಿದರು. ಸತ್ತ ವೈರಸ್ಸು ಮೈಯಲ್ಲಿ ಬೆಳೆಯಲಾರದು, ಆದರೆ ಅದರ ಗುರುತು ದೇಹಕ್ಕೆ ಸಿಕ್ಕುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾದ ಈ ಲಸಿಕೆಯನ್ನು 1990ರಿಂದ ಮಲೆನಾಡಿನಲ್ಲಿ ಕೊಟ್ಟರು. ಮೊದಲ ವರ್ಷಗಳ ಲೆಕ್ಕ ಚೆನ್ನಾಗಿತ್ತು. ಎರಡು ಡೋಸ್ ಪಡೆದವರಿಗೆ ನೂರಕ್ಕೆ 93ಕ್ಕಿಂತ ಹೆಚ್ಚು ರಕ್ಷಣೆ. ಅಂದರೆ, ಲಸಿಕೆ ಇಲ್ಲದಿದ್ದರೆ ನೂರು ಜನ ಕಾಯಿಲೆ ಬೀಳಬೇಕಿದ್ದ ಕಡೆ ಏಳು ಜನ ಮಾತ್ರ ಬಿದ್ದರು ಎಂದಿಟ್ಟುಕೊಳ್ಳಿ.

ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಎರಡು ಡೋಸಿನ ರಕ್ಷಣೆ ನೂರಕ್ಕೆ 62ರ ಆಸುಪಾಸಿಗೆ ಇಳಿದಿತ್ತು. ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ 83ರ ಹತ್ತಿರ. ಸಾಲದ್ದಕ್ಕೆ ಆ ಚುಚ್ಚುಮದ್ದು ಬಹಳ ನೋಯುತ್ತಿತ್ತು. ಒಂದು ಸಲ ಚುಚ್ಚಿಸಿಕೊಂಡವರು ಎರಡನೆಯದಕ್ಕೆ ಬರಲು ಹಿಂದೇಟು ಹಾಕುತ್ತಿದ್ದರು. ಬೂಸ್ಟರ್ ಬೇರೆ ವರ್ಷ ವರ್ಷವೂ ಬೇಕಿತ್ತು. ಏಳು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುತ್ತಲೇ ಇರಲಿಲ್ಲ. ಕೊನೆಗೆ 2022ರಲ್ಲಿ ಆ ಲಸಿಕೆ ನಿಂತಿತು.

ಹೊಸದನ್ನೂ ಸತ್ತ ವೈರಸ್ಸಿನಿಂದಲೇ ಮಾಡಿದ್ದಾರೆ. ಜೊತೆಗೆ ದೇಹದ ಕಾವಲು ಪಡೆಯನ್ನು ಇನ್ನಷ್ಟು ಎಚ್ಚರಿಸುವ ಒಂದು ಸಹಾಯಕ ವಸ್ತು ಸೇರಿಸಿದ್ದಾರೆ. 28 ದಿನಗಳ ಅಂತರದಲ್ಲಿ ಎರಡು ಡೋಸ್. ಇದು ಹಳೆಯದಕ್ಕಿಂತ ಮೇಲೇ? ಇರಬಹುದು. ‘ಇರಬಹುದು’ ಎನ್ನುವುದನ್ನು ‘ಹೌದು’ ಅಥವಾ ‘ಇಲ್ಲ’ ಮಾಡಲಿಕ್ಕೇ ಪರೀಕ್ಷೆ.

ಈ ಪರೀಕ್ಷೆಗೆ ಹಂತಗಳಿವೆ. ಮೊದಲ ಹಂತದಲ್ಲಿ ಕೆಲವೇ ಹತ್ತಾರು ಜನ. ಅವರು ರೋಗಿಗಳಲ್ಲ, ಗಟ್ಟಿಮುಟ್ಟಾದ ದೊಡ್ಡವರು. ಇಲ್ಲಿ ‘ಕಾಯಿಲೆ ತಡೆಯುತ್ತದೆಯೇ’ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಇಷ್ಟೇ: ತೊಂದರೆ ಏನಾದರೂ ಆಗುತ್ತದೆಯೇ? ಆರೋಗ್ಯವಂತರನ್ನೇ ಆರಿಸುವುದಕ್ಕೆ ಕಾರಣವಿದೆ. ಮೊದಲೇ ಜ್ವರ ಇರುವವನಿಗೆ ಚುಚ್ಚಿದರೆ, ನಾಳೆಯ ಜ್ವರ ಲಸಿಕೆಯದೋ ಅವನದೇ ಹಳೆಯದೋ ಗೊತ್ತಾಗುವುದು ಹೇಗೆ? ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿ ನೋಡುತ್ತಾರೆ. ಮನೆಗೆ ಹೋದ ಮೇಲೂ ತೋಳು ಎಷ್ಟು ನೋಯಿತು, ಊತ ಎಷ್ಟಗಲ ಇತ್ತು, ಜ್ವರ ಬಂತೇ ಎಂದು ದಿನವೂ ಬರೆದಿಡಬೇಕು. ‘ಬಹಳ ನೋಯುತ್ತಿತ್ತು’ ಎಂಬ ಹಳೆಯ ದೂರನ್ನು ಹೊಸ ಲಸಿಕೆ ದಾಟಿದೆಯೇ ಎಂಬುದೂ ಆ ಬರಹದಲ್ಲೇ ಗೊತ್ತಾಗುತ್ತದೆ. ನಡುನಡುವೆ ರಕ್ತ ತೆಗೆದು, ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳು ಹುಟ್ಟಿವೆಯೇ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ನೂರಾರು ಜನ. ಎಷ್ಟು ಪ್ರಮಾಣ ಕೊಟ್ಟರೆ ಸರಿ ಎನ್ನುವುದು ಅಲ್ಲಿ ಗಟ್ಟಿಯಾಗುತ್ತದೆ. ಮೂರನೆಯದರಲ್ಲಿ ಸಾಮಾನ್ಯವಾಗಿ ಸಾವಿರಾರು ಜನ. ನನ್ನ ಪ್ರಕಾರ ಇಡೀ ಪರೀಕ್ಷೆಯ ಸ್ವಾರಸ್ಯ ಇರುವುದು ಈ ಮೂರನೆಯ ಹಂತದಲ್ಲಿ.

ಒಂದು ಸಾವಿರ ಜನರಿಗೆ ಲಸಿಕೆ ಹಾಕಿದೆವು, ಆ ಬೇಸಿಗೆಯಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ ಅನ್ನಿ. ಲಸಿಕೆ ಗೆದ್ದಿತೇ? ಅವಸರ ಬೇಡ. ಮಂಗನ ಕಾಯಿಲೆ ಒಂದು ವರ್ಷ ಕಂಡಂತೆ ಇನ್ನೊಂದು ವರ್ಷ ಕಾಣದು. ಒಂದೂರಲ್ಲಿ ಇದ್ದಂತೆ ಪಕ್ಕದೂರಲ್ಲಿ ಇರದು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಭೀಕರವಾಗಿ ಕಾಡಿತು, ಹಲವರು ತೀರಿಕೊಂಡರು. ಬೇರೆ ವರ್ಷಗಳು ಸದ್ದಿಲ್ಲದೆ ಕಳೆದದ್ದೂ ಉಂಟು. ಹಾಗಾಗಿ, ಕಾಯಿಲೆ ಬರದಿದ್ದರೆ ಅದು ಲಸಿಕೆಯ ಪುಣ್ಯವೋ ಆ ವರ್ಷದ ಪುಣ್ಯವೋ ಹೇಳುವವರು ಯಾರು?

ಹೇಳಲು ಇನ್ನೊಂದು ಗುಂಪು ಬೇಕು. ಅದೇ ಊರು, ಅದೇ ಬೇಸಿಗೆ, ಅಂಥದೇ ಜನ. ಆದರೆ ಲಸಿಕೆ ಪಡೆಯದವರು. ಯಾರು ಯಾವ ಗುಂಪಿಗೆ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ತೀರ್ಮಾನಿಸುತ್ತದೆ. ‘ಬೇಕಾದವರು ಹಾಕಿಸಿಕೊಳ್ಳಲಿ, ಬೇಡದವರು ಬಿಡಲಿ’ ಎಂದರೆ ಲೆಕ್ಕ ಕೆಡುತ್ತದೆ. ಯಾಕೆ ಗೊತ್ತೇ? ಬೂಸ್ಟರಿಗೂ ತಪ್ಪದೆ ಬರುವವರು ಸಾಮಾನ್ಯವಾಗಿ ಬೇರೆ ವಿಷಯದಲ್ಲೂ ಜಾಗ್ರತೆಯವರು. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡೇ ಕಾಡಿಗೆ ಹೋಗುತ್ತಾರೆ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುತ್ತಾರೆ. ಅವರಿಗೆ ಕಾಯಿಲೆ ಕಡಿಮೆ ಬಂದರೆ ಕಾರಣ ಲಸಿಕೆಯೋ ಎಣ್ಣೆಯೋ? ಹಳೆಯ ದಾಖಲೆಗಳಿಂದ ತೆಗೆದ ಆ 83ರ ಲೆಕ್ಕದ ಮೇಲೂ ಇಂಥ ಸಣ್ಣ ಅನುಮಾನ ಇಟ್ಟುಕೊಳ್ಳಬಹುದು. ಚೀಟಿ ಎತ್ತಿದರೆ ಜಾಗ್ರತೆಯವರೂ ಉದಾಸೀನದವರೂ ಎರಡು ಗುಂಪಿಗೂ ಸರಿಸುಮಾರು ಸಮವಾಗಿ ಹಂಚಿಹೋಗುತ್ತಾರೆ.

ಎರಡನೆಯ ಗುಂಪಿಗೂ ಸೂಜಿ ಚುಚ್ಚುತ್ತಾರೆ. ಅದರಲ್ಲಿ ಉಪ್ಪುನೀರಿನಂಥ ಏನೋ ಇರುತ್ತದೆ, ಇಲ್ಲವೇ ಬೇರೆ ಯಾವುದೋ ರೋಗಕ್ಕೆ ಉಪಯೋಗ ಬೀಳುವ ಲಸಿಕೆ ಇರುತ್ತದೆ. ಸೀಸೆಯ ಮೇಲೆ ಬರೀ ಸಂಕೇತ ಸಂಖ್ಯೆ. ಚುಚ್ಚುವ ನರ್ಸಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ಗೊತ್ತಾದರೆ ಲಸಿಕೆ ಸಿಕ್ಕವರು ಎಣ್ಣೆ ಬಿಡಬಹುದು, ಸಿಗದವರು ಸಣ್ಣ ತಲೆನೋವಿಗೂ ಆಸ್ಪತ್ರೆಗೆ ಓಡಬಹುದು. ಅಮೆರಿಕದಲ್ಲಿ 1954ರಲ್ಲಿ ಜೋನಾಸ್ ಸಾಲ್ಕ್ ಅವರ ಪೋಲಿಯೋ ಲಸಿಕೆಯ ಪರೀಕ್ಷೆ ನಡೆದಾಗ ಸುಮಾರು 18 ಲಕ್ಷ ಮಕ್ಕಳು ಅದರಲ್ಲಿ ಸೇರಿದ್ದರು. ಹೆಚ್ಚಿನವರು ಒಂದರಿಂದ ಮೂರನೆಯ ತರಗತಿಯವರು, ನಿಮಗಿಂತಲೂ ಚಿಕ್ಕವರು. ಹಲವು ಊರುಗಳಲ್ಲಿ ಹೀಗೇ ಗುಟ್ಟಿನ ಸೀಸೆಗಳು. ಗುಟ್ಟು ಬಿಚ್ಚಿ ಫಲಿತಾಂಶ ಹೇಳಿದ್ದು 1955ರ ಏಪ್ರಿಲ್ 12ರಂದು. ಭಾಗವಹಿಸಿದ ಮಕ್ಕಳಿಗೆ ಒಂದು ಬಿಲ್ಲೆ, ಒಂದು ಕಾರ್ಡು ಕೊಟ್ಟಿದ್ದರಂತೆ. ಉಪ್ಪುನೀರಿನಂಥದ್ದು ಸಿಕ್ಕವರಿಗೂ ಅದೇ ಬಿಲ್ಲೆ. ನ್ಯಾಯವೇ ಅಲ್ಲವೇ, ಅವರಿಲ್ಲದೆ ಹೋಲಿಕೆಯೇ ಇರುತ್ತಿರಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಇವು ನಾನು ಸುಮ್ಮನೆ ಊಹಿಸಿದ ಸಂಖ್ಯೆಗಳು. ಲಸಿಕೆ ಇಲ್ಲದಿದ್ದರೆ ಒಂದು ಬೇಸಿಗೆಯಲ್ಲಿ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುತ್ತದೆ ಅನ್ನಿ. ಗುಂಪಿಗೆ ಸಾವಿರ ಜನರಂತೆ ಪರೀಕ್ಷೆ ಮಾಡಿದರೆ ಒಂದು ಕಡೆ 1, ಇನ್ನೊಂದು ಕಡೆ 0. ಇದರಿಂದ ಏನು ಹೇಳುತ್ತೀರಿ? ಏನೂ ಹೇಳಲಾಗದು, ಆ ಒಂದು ಬರೀ ಆಕಸ್ಮಿಕ ಇರಬಹುದು. ಗುಂಪಿಗೆ 20,000 ಜನ ಇದ್ದರೆ? ಲಸಿಕೆ ಇಲ್ಲದ ಕಡೆ 20 ಜನ, ಇರುವ ಕಡೆ 4 ಜನ ಕಾಯಿಲೆ ಬಿದ್ದರು ಅನ್ನಿ. ಇಪ್ಪತ್ತರಲ್ಲಿ ಹದಿನಾರು ತಪ್ಪಿತು, ಅಂದರೆ ನೂರಕ್ಕೆ 80 ರಕ್ಷಣೆ. ಈಗ ಮಾತಿಗೆ ತೂಕ ಬಂತು.

ಮಂಗನ ಕಾಯಿಲೆಯ ಪರೀಕ್ಷೆ ಕಷ್ಟವಾಗುವುದು ಇಲ್ಲೇ. ವರ್ಷಕ್ಕೆ ಒಟ್ಟು ನಾಲ್ಕೈದು ನೂರು ಜನರಿಗೆ ಬರುವ ಕಾಯಿಲೆ ಇದು ಎಂದು ಅಂದಾಜು. ಅವರೂ ಶಿವಮೊಗ್ಗ, ಉತ್ತರ ಕನ್ನಡದಿಂದ ಹಿಡಿದು ವಯನಾಡು, ಗೋವಾ, ಸಿಂಧುದುರ್ಗದವರೆಗೆ ಚದುರಿಹೋಗಿದ್ದಾರೆ. ಹೆಚ್ಚಿನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ. ಇಷ್ಟು ಅಪರೂಪದ ಕಾಯಿಲೆಗೆ ಹತ್ತಾರು ಸಾವಿರ ಜನರ ಎರಡು ಗುಂಪು ಕಟ್ಟಿ, ಯಾವ ಊರಿಗೆ ಈ ಸಲ ಕಾಯಿಲೆ ಬರುತ್ತದೋ ಎಂದು ಕಾಯುವುದು ಸುಲಭವಲ್ಲ. ಇಂಥ ಕಡೆ ವಿಜ್ಞಾನಿಗಳು ಸುತ್ತುದಾರಿ ಹಿಡಿಯುವುದುಂಟು. ಎಷ್ಟು ಪ್ರತಿಕಾಯ ಇದ್ದರೆ ಪ್ರಾಣಿಗಳು ವೈರಸ್ಸಿನಿಂದ ಉಳಿಯುತ್ತವೆ ಎಂದು ಮೊದಲು ಕಂಡುಕೊಂಡು, ಜನರ ರಕ್ತದಲ್ಲೂ ಅಷ್ಟು ಹುಟ್ಟಿದೆಯೇ ಎಂದು ನೋಡುತ್ತಾರೆ. ನೇರ ಸಾಕ್ಷಿಯಷ್ಟು ಗಟ್ಟಿಯಲ್ಲ, ಆದರೆ ಬರೀ ಊಹೆಯೂ ಅಲ್ಲ. ಲಸಿಕೆ ಬಳಕೆಗೆ ಬಂದ ಮೇಲೂ ಎಣಿಸುತ್ತಲೇ ಇರಬೇಕು. ಹಳೆಯ ಲಸಿಕೆಯ ಶಕ್ತಿ ಇಳಿದದ್ದು ಗೊತ್ತಾಗಿದ್ದೂ ಹಾಗೆ ಎಣಿಸಿದ್ದರಿಂದಲೇ.

ಪರೀಕ್ಷೆಗೆ ಜನರನ್ನು ಎಳೆದು ತರುವಂತಿಲ್ಲ. ಏನು ಮಾಡುತ್ತೇವೆ, ಏನು ತೊಂದರೆ ಆಗಬಹುದು ಎಂದು ಅವರ ಭಾಷೆಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿದವರು ನಡುವೆ ಯಾವಾಗ ಬೇಕಾದರೂ ‘ಸಾಕು, ನಾನು ಬರುವುದಿಲ್ಲ’ ಅನ್ನಬಹುದು, ಕಾರಣ ಕೊಡಬೇಕಿಲ್ಲ. ಮಕ್ಕಳ ವಿಷಯದಲ್ಲಿ ಐಸಿಎಂಆರ್‌ ಮಾಡಿರುವ ನಿಯಮ ನನಗೆ ತುಂಬ ಇಷ್ಟ. ಅಪ್ಪ ಅಮ್ಮ ಸಹಿ ಹಾಕಿದರೆ ಮುಗಿಯಲಿಲ್ಲ. ಏಳರಿಂದ ಹನ್ನೊಂದು ವರ್ಷದ ಮಗುವನ್ನು ಬಾಯಿಮಾತಿನಲ್ಲಿ ಕೇಳಬೇಕು. ಹನ್ನೆರಡು ತುಂಬಿದವರಿಗೆ ಹದಿನೆಂಟರವರೆಗೆ ಅವರಿಗೆ ಅರ್ಥವಾಗುವ ಸರಳ ಮಾತಿನ ಪತ್ರ ಕೊಟ್ಟು ಬರಹದಲ್ಲೇ ಒಪ್ಪಿಗೆ ಪಡೆಯಬೇಕು. ಮನೆಯಲ್ಲಿ ಟ್ಯೂಷನ್ನಿಗೆ ಸೇರಿಸುವಾಗ ನಿಮ್ಮನ್ನು ಇಷ್ಟು ವಿಚಾರಿಸುತ್ತಾರೋ ಇಲ್ಲವೋ!

ಲಸಿಕೆಗಷ್ಟೇ ಅಲ್ಲ, ಕಾಯಿಲೆ ಪತ್ತೆ ಮಾಡುವ ಟೆಸ್ಟಿಗೂ ಟೆಸ್ಟ್ ಇದೆ. ಮಂಗನ ಕಾಯಿಲೆಯ ಮೊದಲ ದಿನಗಳಲ್ಲಿ ವೈರಸ್ಸು ರಕ್ತದಲ್ಲಿರುತ್ತದೆ, ಆಗ ಪಿಸಿಆರ್ ವಿಧಾನದಲ್ಲಿ ಹಿಡಿಯಬಹುದು. ದಿನ ಕಳೆದರೆ ವೈರಸ್ಸು ಮರೆಯಾಗಿ ಪ್ರತಿಕಾಯ ಕಾಣಿಸುತ್ತದೆ, ಆಗ ಬೇರೆ ಟೆಸ್ಟು. ಹಳ್ಳಿಯ ಆಸ್ಪತ್ರೆಯಲ್ಲೇ ಇಟ್ಟು ನಡೆಸಬಹುದಾದ, ಬ್ಯಾಟರಿಯಲ್ಲಿ ಓಡುವ ಸಣ್ಣ ಯಂತ್ರಗಳೂ ಬಂದಿವೆ. ಇಂಥ ಯಾವ ಹೊಸ ಟೆಸ್ಟನ್ನೂ ನಂಬುವ ಮೊದಲು, ಕಾಯಿಲೆ ಇದೆ ಎಂದು ಖಚಿತವಿರುವ ರಕ್ತದ ಮಾದರಿಗಳನ್ನೂ ಇಲ್ಲ ಎಂದು ಖಚಿತವಿರುವ ಮಾದರಿಗಳನ್ನೂ ಒಟ್ಟಿಗೆ ಇಟ್ಟು, ಯಾವುದು ಯಾವುದೆಂದು ಹೇಳದೆ ಅದಕ್ಕೆ ಕೊಡುತ್ತಾರೆ. ಇದ್ದದ್ದನ್ನು ಎಷ್ಟು ಸಲ ತಪ್ಪಿಸಿತು, ಇಲ್ಲದ್ದನ್ನು ಎಷ್ಟು ಸಲ ಇದೆ ಎಂದಿತು, ಎರಡನ್ನೂ ಬೇರೆ ಬೇರೆ ಎಣಿಸುತ್ತಾರೆ. ಮೊದಲನೆಯ ತಪ್ಪು ರೋಗಿಯನ್ನು ಹಾಗೇ ಮನೆಗೆ ಕಳಿಸುತ್ತದೆ. ಎರಡನೆಯದು ಸುಮ್ಮನೆ ಒಂದಿಡೀ ಊರನ್ನು ಹೆದರಿಸುತ್ತದೆ.

ಇನ್ನೊಂದು ವಿಷಯ ಉಳಿಯಿತು. ನಮ್ಮ ದೇಶದಲ್ಲಿ ಇಂಥ ಪರೀಕ್ಷೆ ಶುರುವಾಗುವ ಮುಂಚೆಯೇ ಅದನ್ನು ಸಿಟಿಆರ್‌ಐ ಎಂಬ ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕು. 2007ರಲ್ಲಿ ಶುರುವಾದ ಈ ದಾಖಲೆ 2009ರಿಂದ ಕಡ್ಡಾಯ. ಅದು ಅಂತರ್ಜಾಲದಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ಎಷ್ಟು ಜನ, ಯಾವ ವಯಸ್ಸು, ಯಾವ ಆಸ್ಪತ್ರೆ, ಗೆಲುವು ಅಂದರೆ ಏನು ಎಂಬುದೆಲ್ಲ ಮೊದಲೇ ಬರೆದಿರಬೇಕು. ಉತ್ತರ ಬಂದ ಮೇಲೆ ಪ್ರಶ್ನೆ ತಿದ್ದುವ ಆಟ ನಡೆಯಬಾರದಲ್ಲ, ಅದಕ್ಕೆ. ಶಾಲೆಯ ಕಂಪ್ಯೂಟರ್ ಸಿಕ್ಕಾಗ ನಿಮ್ಮ ಮೇಷ್ಟ್ರ ಜೊತೆ ಕೂತು, ಮುಂದೆ ನಮ್ಮ ರಾಜ್ಯದಲ್ಲಿ ಯಾವ ಯಾವ ಪರೀಕ್ಷೆಗಳು ಶುರುವಾಗಲಿವೆ ಎಂದು ಹುಡುಕಿ. ಇಂಗ್ಲಿಷಿನ ಉದ್ದುದ್ದ ಪದಗಳು ಎದುರಾಗುತ್ತವೆ. ಅವುಗಳನ್ನು ದಾಟಿ ಮೊದಲು ನೋಡಬೇಕಾದ ಸಾಲು ಒಂದೇ: ಹೋಲಿಸಲು ಯಾವ ಗುಂಪನ್ನು ಇಟ್ಟುಕೊಂಡಿದ್ದಾರೆ?